ಉತ್ತರ ಬರೆಯದ ಪುಸ್ತಕ, ಅದರ ಮೊದಲ ಓದುಗ

ಪಠ್ಯಪುಸ್ತಕವನ್ನು ನಾವು ವಿಮರ್ಶೆಯ ಅಂಗಳಕ್ಕೆ ತರುವುದೇ ಅಪರೂಪ. ತಂದರೂ ಯಾವ ಕವಿಯ ಪದ್ಯ ಸೇರಿತು, ಯಾರದು ಬಿಟ್ಟುಹೋಯಿತು ಎಂಬ ಜಗಳಕ್ಕಾಗಿ ಮಾತ್ರ. ಒಂದು ಪಠ್ಯ ತನ್ನ ಓದುಗರನ್ನು ಹೇಗೆ ಕಲ್ಪಿಸಿಕೊಳ್ಳುತ್ತದೆ ಎಂದು ಕೇಳುವುದಾದರೆ, ‘ಬಾಲ ವೈಜ್ಞಾನಿಕ್’ ಎಂಬ ಹಿಂದಿ ವಿಜ್ಞಾನ ಪುಸ್ತಕವನ್ನು ಗಮನಿಸಬೇಕು.

1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಿಂದ ಹುಟ್ಟಿದ ಪುಸ್ತಕವಿದು. ಆರರಿಂದ ಎಂಟನೇ ತರಗತಿಯ ಮಕ್ಕಳಿಗಾಗಿ ಬರೆದದ್ದು. ಇದರಲ್ಲಿ ಮಾಡಿ ನೋಡಲು ಪ್ರಯೋಗಗಳಿವೆ, ಪ್ರಶ್ನೆಗಳಿವೆ. ಉತ್ತರಗಳನ್ನು ಮಾತ್ರ ಬರೆದಿಲ್ಲ. ಸಂದೇಹ ಬಂದ ಮಕ್ಕಳು ‘ಸವಾಲೀರಾಮ್’ ಎಂಬ ಕಲ್ಪಿತ ಪಾತ್ರಕ್ಕೆ ಪತ್ರ ಬರೆಯಬಹುದಿತ್ತು. ಎಲ್ಲ ಬಲ್ಲ ನಿರೂಪಕನನ್ನು ಬದಿಗಿಟ್ಟು ಬರೆದ ಪಠ್ಯ ಎನ್ನೋಣ.

ಇಂಥ ಪುಸ್ತಕದ ಬಲವೂ ದೌರ್ಬಲ್ಯವೂ ಒಂದೇ ಕಡೆ ಇವೆ. ಉತ್ತರದ ಜಾಗವನ್ನು ಖಾಲಿ ಬಿಟ್ಟಾಗ ಅದನ್ನು ಮಕ್ಕಳ ಅವಲೋಕನ ತುಂಬಬಹುದು, ಕಪ್ಪುಹಲಗೆಯ ನಕಲೂ ತುಂಬಬಹುದು. ಯಾವುದು ತುಂಬುತ್ತದೆಂಬುದು ಶಿಕ್ಷಕರ ಕೈಯಲ್ಲಿದೆ. ಆದ್ದರಿಂದ ಈ ಪಠ್ಯದ ಮೊದಲ ಓದುಗ ಮಗುವಲ್ಲ, ಮೇಷ್ಟ್ರು. ಇದು ಕಾರ್ಯಕ್ರಮ ರೂಪಿಸಿದವರಿಗೂ ಗೊತ್ತಿತ್ತು. ಬೇಸಿಗೆಯ ತರಬೇತಿ ಶಿಬಿರಗಳಲ್ಲಿ ಶಿಕ್ಷಕರೇ ಗುಂಪಾಗಿ ಕೂತು ಮಕ್ಕಳ ಪ್ರಯೋಗಗಳನ್ನು ಮಾಡುತ್ತಿದ್ದರು; ವರ್ಷದುದ್ದಕ್ಕೂ ಮಾಸಿಕ ಸಭೆ ಸೇರಿ ತರಗತಿಯ ತೊಡಕುಗಳನ್ನು ಚರ್ಚಿಸುತ್ತಿದ್ದರು. ಪರೀಕ್ಷೆಯೂ ಬದಲಾಯಿತು: ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಿತ್ತು.

1978ರಲ್ಲಿ ಇಲ್ಲಿಗೆ ಬಂದ ಎಂಜಿನಿಯರ್ ಅರವಿಂದ ಗುಪ್ತಾ ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಆಕೃತಿಗಳನ್ನು ಕಟ್ಟಿದರು. ಚೌಕ ಮಾಡಿ ಒತ್ತಿದರೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಚೌಕಕ್ಕೆ ಒಂದು ಕರ್ಣ ಜೋಡಿಸಿದರೆ ಅದೂ ಗಟ್ಟಿಯಾಗುತ್ತದೆ. ಇದನ್ನು ತನ್ನ ಬೆರಳಲ್ಲಿ ಒತ್ತಿ ನೋಡಿದ ಶಿಕ್ಷಕರಿಗೆ ಶಾಲೆಯ ಹೆಂಚಿನ ಮಾಡಿನ ಕೆಳಗಿನ ತ್ರಿಕೋನಗಳೂ ಪಾಠವಾಗಿ ಕಾಣುತ್ತವೆ. ಬರೀ ಹೇಳಿಸಿಕೊಂಡವರಿಗೆ ಅದು ಇನ್ನೊಂದು ವ್ಯಾಖ್ಯೆ, ಅಷ್ಟೆ.

ಈಗ ‘ಮಾಡಿ ಕಲಿ’ ಎಂಬುದು ಸರ್ಕಾರದ ಭಾಷೆಯೂ ಆಗಿದೆ. ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ತ್ರೀಡಿ ಪ್ರಿಂಟರ್, ಸೆನ್ಸರ್, ಆರ್ಡುಯಿನೊ ಬರುತ್ತವೆ. ಯಂತ್ರ ಬೇಡವೆಂದಲ್ಲ. ಬಡ ಶಾಲೆಗೆ ಬೆಂಕಿಕಡ್ಡಿಯೇ ಸಾಕು ಎನ್ನುವ ವಾದದಲ್ಲೂ ಒಂದು ಅನ್ಯಾಯವಿದೆ. ಆದರೆ ಯಂತ್ರ ನಡೆಸಲು ಕಲಿಸಿದ ಮಾತ್ರಕ್ಕೆ ತರಬೇತಿ ಮುಗಿಯುವುದಿಲ್ಲ. ಮಾದರಿ ಕುಸಿದಾಗ ‘ಯಾಕೆ?’ ಎಂದು ಮಗುವಿನ ಜೊತೆ ತಾನೂ ಕೇಳುವ ಧೈರ್ಯ ಶಿಕ್ಷಕರಿಗೆ ಬೇಕು. ಅದಕ್ಕೆ ಸಮಯ ಬೇಕು, ಸಹೋದ್ಯೋಗಿಗಳು ಬೇಕು, ಬಾಯಿಪಾಠವನ್ನೇ ಅಳೆಯದ ಪರೀಕ್ಷೆಯೂ ಬೇಕು.

ಹೋಶಂಗಾಬಾದ್ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಪುಸ್ತಕ ಈಗಲೂ ಓದಲು ಸಿಗುತ್ತದೆ. ಆದರೆ ಮೂರು ದಶಕ ಅದನ್ನು ಜೀವಂತವಾಗಿಟ್ಟಿದ್ದ ಶಿಕ್ಷಕರ ಓದನ್ನು ಮರುಮುದ್ರಿಸಲು ಬರುವುದಿಲ್ಲ. ಮತ್ತೆ ಶಿಬಿರ ಕಟ್ಟಿಯೇ ಅದನ್ನು ಪಡೆಯಬೇಕು.