ಪಶುಸಂಪತ್ತಿನ ನೀಳ ನೆರಳು: ಒಂದು ಸಂಖ್ಯಾವಾಕ್ಯದ ವಿಮರ್ಶೆ

ವಿಶ್ವಸಂಸ್ಥೆಗೆ ಸೇರಿದ ಆಹಾರ ಮತ್ತು ಕೃಷಿ ಸಂಸ್ಥೆಯು 2006ರಲ್ಲಿ ಪ್ರಕಟಪಡಿಸಿದ 'ಲೈವ್‌ಸ್ಟಾಕ್ಸ್ ಲಾಂಗ್ ಷ್ಯಾಡೊ' ಎಂಬ ಗ್ರಂಥದ ಹೆಸರನ್ನು 'ಪಶುಸಂಪತ್ತಿನ ನೀಳ ನೆರಳು' ಎಂದು ಕನ್ನಡಿಸಬಹುದು. ಹೆನ್ನಿಂಗ್ ಸ್ಟೈನ್‌ಫೆಲ್ಡ್, ಪಿಯರ್ ಗರ್ಬರ್ ಮೊದಲಾದ ಆರು ಮಂದಿ ವಿದ್ವಾಂಸರು ಕೂಡಿ ರಚಿಸಿದ ಈ ಗ್ರಂಥದಲ್ಲಿ ನೆಲ, ಜಲ, ವಾಯು, ಜೀವಸಂಕುಲ ಇವುಗಳ ಮೇಲೆ ಪಶುಪಾಲನೆಯಿಂದಾಗುವ ಪರಿಣಾಮವು ಬಹು ವಿಸ್ತಾರವಾಗಿ ನಿರೂಪಿತವಾಗಿದೆ. ಸಾಮಗ್ರಿಯ ಸಂಗ್ರಹದಲ್ಲಿ ಗ್ರಂಥಕರ್ತರು ತೋರಿಸಿರುವ ಶ್ರದ್ಧೆ ಸರ್ವಥಾ ಶ್ಲಾಘ್ಯ. ಆದರೆ ಸುಮಾರು ನಾನೂರು ಪುಟಗಳಿಂದ ಲೋಕವು ಆಯ್ದು ಕಂಠಸ್ಥ ಮಾಡಿಕೊಂಡದ್ದು ಒಂದು ವಾಕ್ಯವನ್ನು ಮಾತ್ರ. ಮನುಷ್ಯವ್ಯಾಪಾರದಿಂದ ಹುಟ್ಟುವ ಹಸಿರುಮನೆ ಅನಿಲಗಳಲ್ಲಿ ನೂರಕ್ಕೆ 18 ಪಾಲು ಪಶುಪಾಲನೆಯಿಂದ ಬಂದದ್ದು, ಇದು ಸಾರಿಗೆಯ ಪಾಲಿಗಿಂತಲೂ ಅಧಿಕ, ಎಂಬುದೇ ಅದರ ತಾತ್ಪರ್ಯ. ಪತ್ರಿಕೆಗಳಲ್ಲಿ, ಸಭೆಗಳಲ್ಲಿ, ಮಾಂಸಾಹಾರ ಶಾಕಾಹಾರಗಳ ವಾಗ್ವಾದಗಳಲ್ಲಿ ಇದು ಆಪ್ತವಾಕ್ಯದ ಗೌರವವನ್ನು ಪಡೆಯಿತು. ವಾಕ್ಯವೆಂದು ಎಣಿಸಿ ನೋಡಿದರೆ ಅದು ಎಷ್ಟರಮಟ್ಟಿಗೆ ನಿರ್ದುಷ್ಟವಾಗಿದೆ ಎಂಬುದು ಪ್ರಕೃತ ವಿಚಾರ್ಯ.

ವಾಕ್ಯಾರ್ಥಜ್ಞಾನಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಬೇಕೆಂದು ಶಾಸ್ತ್ರಕಾರರ ಮತ. ಸಂಖ್ಯೆಯೂ ಒಂದು ಪದವೇ ಆದುದರಿಂದ ಈ ನಿಯಮಕ್ಕೆ ಹೊರತಾಗಲಾರದು. 'ನೂರಕ್ಕೆ 18' ಎಂದೊಡನೆಯೇ ಯಾವ ನೂರು, ಎಲ್ಲಿಂದ ಎಲ್ಲಿಯವರೆಗೆ ಎಣಿಸಿದ 18, ಎಂಬ ಆಕಾಂಕ್ಷೆಯು ಹುಟ್ಟುತ್ತದೆ. ಗ್ರಂಥದಲ್ಲಿಯೇ ಇದಕ್ಕೆ ಉತ್ತರವಿದೆ. ಪಶುವಿನ ತೇಗು, ಸಗಣಿ ಗಂಜಲಗಳು ಮಾತ್ರವೇ ಅಲ್ಲದೆ ಮೇವಿನ ಬೆಳೆಗೆ ಹಾಕಿದ ಗೊಬ್ಬರ, ಹುಲ್ಲುಗಾವಲಿಗಾಗಿ ಕಡಿದ ಕಾಡು, ಮಾಂಸದ ಸಂಸ್ಕರಣ ಮತ್ತು ಸಾಗಣೆ ಇವೆಲ್ಲವನ್ನೂ ಕೂಡಿಸಿ 7.1 ಶತಕೋಟಿ ಟನ್ ಎಂದು ಲೆಕ್ಕಹಾಕಿ, ಅದನ್ನು ಸುಮಾರು 40 ಶತಕೋಟಿ ಟನ್ನಿನ ಲೋಕಸಮಗ್ರಕ್ಕೆ ಭಾಗಿಸಲಾಗಿದೆ. ಉತ್ತರವು ಕೋಷ್ಟಕದಲ್ಲಿ ಉಳಿಯಿತು, ವಾಕ್ಯವು ಊರೂರು ಸುತ್ತಿತು. ಸನ್ನಿಧಿಯು ಲೋಪವಾದದ್ದು ಹೀಗೆ.

ಸಾರಿಗೆಯೊಡನೆ ಮಾಡಿದ ಹೋಲಿಕೆಯಲ್ಲಾದರೋ ಯೋಗ್ಯತೆಯೇ ಇಲ್ಲ. ಪಶುವಿನ ವಿಷಯದಲ್ಲಿ ಮೇವಿನ ಬೀಜದಿಂದ ಮೊದಲಾದ ಸಮಸ್ತವನ್ನೂ ಎಣಿಸಿದವರು ಸಾರಿಗೆಯ ವಿಷಯದಲ್ಲಿ ವಾಹನವು ಉರಿಸಿದ ಎಣ್ಣೆಯ ಹೊಗೆಯನ್ನು ಮಾತ್ರ ಎಣಿಸಿದ ಅಂಕಿಯನ್ನು ತೆಗೆದುಕೊಂಡರು. ಉಕ್ಕಿನ ಕಾರ್ಖಾನೆ, ರಸ್ತೆ, ಎಣ್ಣೆಯ ಬಾವಿ ಯಾವುದೂ ಅದರಲ್ಲಿ ಸೇರಲಿಲ್ಲ. ಒಬ್ಬನ ರಾಗಿಯನ್ನು ಹೊಟ್ಟುಸಹಿತವಾಗಿಯೂ ಮತ್ತೊಬ್ಬನದನ್ನು ತೂರಿದ ಮೇಲೂ ಕೊಳಗದಲ್ಲಿ ಅಳೆದು, ಯಾರ ಬೆಳೆ ಹೆಚ್ಚೆಂದು ತೀರ್ಪು ಕೊಟ್ಟಂತಾಯಿತು. ಕ್ಯಾಲಿಫೋರ್ನಿಯದ ಪಿಟೆಸ್ಕಿ, ಮಿಟ್‌ಲೋನರ್ ಮೊದಲಾದವರು 2009ರಲ್ಲಿ ಈ ದೋಷವನ್ನು ಎತ್ತಿ ತೋರಿಸಿದರು. ಗ್ರಂಥಕರ್ತರಲ್ಲಿ ಒಬ್ಬರಾದ ಗರ್ಬರ್ ಅವರು 2010ರಲ್ಲಿ ಆಕ್ಷೇಪವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡದ್ದು ವಿದ್ವಜ್ಜನೋಚಿತವಾದ ನಡೆ.

ಇದಕ್ಕೆ ವಿರುದ್ಧವಾದ ಅತಿರೇಕವೂ ಉಂಟು. 'ವರ್ಲ್ಡ್ ವಾಚ್' ಪತ್ರಿಕೆಯಲ್ಲಿ 2009ರಲ್ಲಿ ಗುಡ್‌ಲ್ಯಾಂಡ್ ಮತ್ತು ಅನ್‌ಹಾಂಗ್ ಎಂಬವರು ಪಶುಗಳ ಪಾಲನ್ನು ನೂರಕ್ಕೆ 51ಕ್ಕೆ ಏರಿಸಿದರು. ಪಶುಗಳ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನೂ ಅವರು ಲೆಕ್ಕಕ್ಕೆ ಸೇರಿಸಿದ್ದು ಅದಕ್ಕೆ ಒಂದು ಮುಖ್ಯ ಕಾರಣ. ಹಸು ಬಿಡುವ ಉಸಿರಿನ ಇಂಗಾಲವು ನಿನ್ನೆಯೋ ಮೊನ್ನೆಯೋ ಹುಲ್ಲು ಗಾಳಿಯಿಂದಲೇ ಹೀರಿದ್ದು. ಸಾಲವಾಗಿ ತಂದದ್ದನ್ನು ಹಿಂತಿರುಗಿಸುವುದು ಹೊಸ ಸಂಪಾದನೆಯಾಗದು. ಲಕ್ಷಣವು ಲಕ್ಷ್ಯವನ್ನು ಮೀರಿ ಹರಿಯುವ ಈ ದೋಷಕ್ಕೆ ಅತಿವ್ಯಾಪ್ತಿಯೆಂದು ಹೆಸರು. ಹೆರೇರೊ ಮೊದಲಾದವರು 2011ರಲ್ಲಿ ಇದನ್ನು ಖಂಡಿಸಿದ್ದಾರೆ. ಆದರೂ 51 ಎಂಬ ಅಂಕಿಯು ಇನ್ನೂ ಜೀವಂತವಾಗಿ ಸಂಚರಿಸುತ್ತಿದೆ. ದೊಡ್ಡ ಅಂಕಿಗೆ ಆಯುಸ್ಸು ಹೆಚ್ಚೆಂದು ತೋರುತ್ತದೆ!

ಮೂಲಸಂಸ್ಥೆಯೇ 2013ರಲ್ಲಿ ಹೊರತಂದ ಎರಡನೆಯ ಗ್ರಂಥವು ವಿಮರ್ಶಕನಿಗೆ ಇನ್ನೂ ರಸವತ್ತಾದ ವಿಷಯವನ್ನು ಒದಗಿಸುತ್ತದೆ. ಅದರಲ್ಲಿಯೂ ಮೊತ್ತವು 7.1 ಶತಕೋಟಿ ಟನ್ನೇ. ಪಾಲು ಮಾತ್ರ 14.5. ಮೇಲಿನ ಸಂಖ್ಯೆ ಬದಲಾಗದೆ ಪಾಲು ಇಳಿದದ್ದು ಹೇಗೆ? ಲೋಕಸಮಗ್ರದ ಮೊತ್ತವನ್ನು ಈ ಬಾರಿ 49 ಶತಕೋಟಿಯೆಂದು ಹಿಡಿದದ್ದರಿಂದ. ಇಷ್ಟೇ ಆಗಿದ್ದರೆ ಮುಗಿಯುತ್ತಿತ್ತು. ಒಳಹೊಕ್ಕು ನೋಡಿದರೆ ಆ ಎರಡು 7.1ಗಳೂ ಒಂದೇ ಅಲ್ಲ. ಮೊದಲನೆಯದರಲ್ಲಿ ಕಾಡಿನ ನಾಶಕ್ಕೆ ಸೇರಿದ್ದು 2.4 ಶತಕೋಟಿ, ಎಂದರೆ ಮೂರನೆಯ ಒಂದು ಭಾಗ. ಎರಡನೆಯದರಲ್ಲಿ ಅದೇ ಬಾಬು ನೂರಕ್ಕೆ ಸುಮಾರು 9ಕ್ಕೆ ಕುಗ್ಗಿದೆ. ಕಾಡಿನ ಬಾಬು ಇಷ್ಟು ಕುಗ್ಗಿಯೂ ಮೊತ್ತವು ಕದಲದಿರುವಾಗ ಮಿಕ್ಕ ಬಾಬುಗಳು ಹಿಗ್ಗಿರಲೇಬೇಕು. ರೂಪವು ಸಮಾನವಾಗಿದ್ದು ಅರ್ಥವು ಬೇರೆಯಾದ ಶಬ್ದವನ್ನು ನಾನಾರ್ಥಪದವೆಂದು ಕೋಶಕಾರರು ಪ್ರತ್ಯೇಕವಾಗಿ ಗುರುತಿಸುತ್ತಾರೆ. ಸಂಖ್ಯೆಗಳಿಗೆ ಅಂತಹ ಕೋಶವಿಲ್ಲ. 2023ರ ಮೂರನೆಯ ಗ್ರಂಥದಲ್ಲಿ, 2015ನೆಯ ವರ್ಷಕ್ಕೆ ಅನ್ವಯಿಸಿದಂತೆ, 6.2 ಶತಕೋಟಿ ಟನ್, ನೂರಕ್ಕೆ 12 ಎಂದಿದೆ. 18, 14.5, 12 ಎಂದು ಸಾಲಾಗಿ ಬರೆದು ಪಶುಗಳ ಅಪರಾಧವು ಇಳಿಯುತ್ತಿದೆಯೆಂದು ಅನುಮಾನಿಸುವವರು ಮೂರು ಬೇರೆ ಸೇರುಗಳಿಂದ ಅಳೆದ ಅಕ್ಕಿಯನ್ನು ಹೋಲಿಸಿದಂತೆ.

ಸೇರೇ ಬದಲಾಗುವುದೆಂಬುದಕ್ಕೆ ಮತ್ತೊಂದು ನಿದರ್ಶನ ಮಿಥೇನಿನ ತೂಕ. ಒಂದು ಟನ್ ಮಿಥೇನ್ ನೂರು ವರ್ಷಗಳ ಅವಧಿಯಲ್ಲಿ ಎಷ್ಟು ಟನ್ ಇಂಗಾಲದ ಡೈಆಕ್ಸೈಡಿಗೆ ಸಮವೆಂಬುದನ್ನು ಅಂತರಸರ್ಕಾರೀಯ ಹವಾಮಾನ ಮಂಡಲಿಯು 1995ರಲ್ಲಿ 21 ಎಂದಿತು. 2001ರಲ್ಲಿ 23, 2007ರಲ್ಲಿ 25, 2013ರಲ್ಲಿ 28. 2021ರಲ್ಲಿ ಪಶು ಮೊದಲಾದ ಜೀವಮೂಲದ ಮಿಥೇನಿಗೆ 27. ಇಪ್ಪತ್ತು ವರ್ಷಗಳ ಅವಧಿಯನ್ನು ಹಿಡಿದರೆ ಅದೇ ತೂಕವು 80ರ ಆಚೀಚೆ ನಿಲ್ಲುತ್ತದೆ. ಮಿಥೇನ್ ಹನ್ನೆರಡು ವರ್ಷಗಳಷ್ಟು ಕಾಲ ಮಾತ್ರ ಗಾಳಿಯಲ್ಲಿದ್ದು ಬಲವಾಗಿ ಕಾಯಿಸಿ ಅಳಿಯುವಂಥದು. ಮತ್ತೊಂದು ಶತಮಾನಗಟ್ಟಲೆ ಉಳಿಯುವಂಥದು. ಅವಧಿಯ ಆಯ್ಕೆಯು ಪ್ರಕೃತಿನಿಯಮವಲ್ಲ, ಪುರುಷತಂತ್ರ.

ಇನ್ನು ಅಳತೆಯ ಮೂಲಕ್ಕೆ ಹೋದರೆ, ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳಿಂದ ಹುಟ್ಟುವ ಮಿಥೇನ್ ಬಹುಪಾಲು ತೇಗಿನ ರೂಪದಲ್ಲಿ ಹೊರಬೀಳುತ್ತದೆ. ಅದನ್ನು ಪ್ರತ್ಯಕ್ಷವಾಗಿ ಅಳೆಯಬೇಕಾದರೆ ಪಶುವನ್ನು ಮುಚ್ಚಿದ ಕೊಠಡಿಯಲ್ಲಿಟ್ಟು ಒಳಬರುವ ಹೊರಹೋಗುವ ಗಾಳಿಯನ್ನು ಪರೀಕ್ಷಿಸುವುದು ಒಂದು ವಿಧಾನ. ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲವನ್ನು ತುಂಬಿದ ಸಣ್ಣ ಕೊಳವೆಯನ್ನು ಹೊಟ್ಟೆಗೆ ಸೇರಿಸಿ, ಮೂಗಿನ ಬಳಿಯ ಗಾಳಿಯನ್ನು ಒಂದು ಡಬ್ಬಿಯಲ್ಲಿ ಸಂಗ್ರಹಿಸಿ, ಎರಡು ಅನಿಲಗಳ ಅನುಪಾತದಿಂದ ಗಣಿಸುವುದು ಇನ್ನೊಂದು. (ಈ ಸಾಕ್ಷಿಯ ಅನಿಲವೇ ಹಸಿರುಮನೆ ಅನಿಲಗಳಲ್ಲೆಲ್ಲ ಅತಿ ಪ್ರಬಲವಾದದ್ದೆಂಬುದು ವಿನೋದ, ಬಳಸುವ ಮೊತ್ತವು ಅತ್ಯಲ್ಪವಾದುದರಿಂದ ಬಾಧಕವಿಲ್ಲ.) ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಲ್ಲಿ ಈ ವಿಧಾನದಿಂದ ಪರೀಕ್ಷೆಗಳು ನಡೆದಿವೆ. ಆದರೆ 2019ರ ಗಣತಿಯಂತೆ ಭಾರತದಲ್ಲಿದ್ದ 19 ಕೋಟಿಗೆ ಮೀರಿದ ದನಗಳ ಮತ್ತು ಸುಮಾರು 11 ಕೋಟಿ ಎಮ್ಮೆ ಕೋಣಗಳ ಕೊರಳಿಗೆ ಡಬ್ಬಿ ಕಟ್ಟುವುದು ಅಸಾಧ್ಯ. ಆದಕಾರಣ ಕೆಲವು ಪಶುಗಳಲ್ಲಿ ಪ್ರತ್ಯಕ್ಷ, ಉಳಿದವುಗಳಲ್ಲಿ ಅನುಮಾನ. ತಿಂದ ಮೇವಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು 6.5 ಪಾಲು ಮಿಥೇನಾಗುವುದೆಂಬುದು ವ್ಯಾಪ್ತಿ. ಅದನ್ನು ಆಧರಿಸಿದ ಕೋಷ್ಟಕದಿಂದ ಪಶುವೊಂದಕ್ಕೆ ಇಷ್ಟು ಕಿಲೋಗ್ರಾಂ ಎಂದು ತೆಗೆದು ತಲೆಯೆಣಿಕೆಯಿಂದ ಗುಣಿಸುವುದು ಕ್ರಮ. ಅನುಮಾನವೆಂದ ಮಾತ್ರಕ್ಕೆ ಅದು ಅಪ್ರಮಾಣವಾಗದು. ಹೊಗೆಯಿಂದ ಬೆಂಕಿಯನ್ನು ಎಲ್ಲರೂ ಊಹಿಸುತ್ತಾರೆ. ಆದರೆ ವ್ಯಾಪ್ತಿಯನ್ನು ಯಾವ ಹಟ್ಟಿಯ ಪಶುಗಳಲ್ಲಿ ಗ್ರಹಿಸಿದ್ದೆಂಬುದನ್ನು ಹೇಳದೆ ನಿಗಮನವನ್ನು ಮಾತ್ರ ಘೋಷಿಸುವುದು ಯುಕ್ತವಲ್ಲ.

ಇದರಿಂದ ಯಾರಿಗೆ ಏನಾಗುವುದೆಂಬುದು ಉಕ್ತ ಮಂಡಲಿಯ 2006ರ ಕೋಷ್ಟಕದಿಂದಲೇ ಸ್ಪಷ್ಟವಾಗುತ್ತದೆ. ಅದರಲ್ಲಿ ಉತ್ತರ ಅಮೇರಿಕದ ಹಾಲಿನ ಹಸುವಿಗೆ ವರ್ಷಕ್ಕೆ 128 ಕಿಲೋಗ್ರಾಂ ಮಿಥೇನ್, ಭಾರತ ಉಪಖಂಡದ ಹಸುವಿಗೆ 58. ತಲೆಯ ಲೆಕ್ಕದಲ್ಲಿ ಈಚಿನ ಹಸು ಸಾಧು. ಹಾಲಿನ ಇಳುವರಿಯನ್ನು ಅಲ್ಲಿ 8,400 ಕಿಲೋಗ್ರಾಂ ಎಂದೂ ಇಲ್ಲಿ 900 ಎಂದೂ ಹಿಡಿದಿರುವುದರಿಂದ, ಕಿಲೋಗ್ರಾಂ ಹಾಲಿಗೆ ಅಲ್ಲಿ ಸುಮಾರು 15 ಗ್ರಾಂ, ಇಲ್ಲಿ 64. ಹಾಲಿನ ಲೆಕ್ಕದಲ್ಲಿ ಅದೇ ಹಸು ನಾಲ್ಕು ಪಟ್ಟು ಅಪರಾಧಿ! 2019ರಲ್ಲಿ ಈ ಕೋಷ್ಟಕವು ಪರಿಷ್ಕೃತವಾಗಿ, ಹೆಚ್ಚು ಹಾಗೂ ಕಡಮೆ ಇಳುವರಿಯ ಪದ್ಧತಿಗಳನ್ನು ವಿಂಗಡಿಸಲಾಯಿತು; ಆದರೂ ಭಾಜಕದ ಪ್ರಶ್ನೆ ಹಾಗೆಯೇ ಇದೆ. ಎಲ್ಲವನ್ನೂ ಹಾಲಿನ ಮೇಲೆಯೇ ಹೊರಿಸಿದ ಪಕ್ಷದಲ್ಲಿ, ಉಳುವ ಎತ್ತನ್ನು ಈದು ಕೊಟ್ಟ ಹಸುವಿನ ಆ ಉಪಕಾರಕ್ಕೆ ಲೆಕ್ಕದಲ್ಲಿ ಮನೆಯೇ ಇಲ್ಲ. ಸಗಣಿಯನ್ನು ಬೆರಣಿ ತಟ್ಟಿ ಒಲೆಗೆ ಹಾಕಿದರೆ ಮಂಡಲಿಯ ನಿಯಮದಂತೆ ಅದರ ಹೊಗೆಯು ಪಶುವಿಭಾಗವನ್ನು ಬಿಟ್ಟು ಇಂಧನವಿಭಾಗಕ್ಕೆ ಸೇರುತ್ತದೆ. ಹೊಟ್ಟೆಪಾಡಿನ ಹೊಗೆಯನ್ನೂ ಭೋಗದ ಹೊಗೆಯನ್ನೂ ಒಂದೇ ರಾಶಿಯಲ್ಲಿ ಸುರಿಯಬಾರದೆಂದು ದೆಹಲಿಯ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿಯೇ ವಾದಿಸಿದ್ದರು. 'ನೀಳ ನೆರಳಿ'ನ ಕರ್ತೃಗಳಿಗೂ ಇದು ಅಜ್ಞಾತವಾಗಿರಲಿಲ್ಲ. ಪಶುಪಾಲನೆಯು 130 ಕೋಟಿ ಜನರಿಗೆ ಉದ್ಯೋಗವನ್ನೂ ನೂರು ಕೋಟಿ ಬಡವರಿಗೆ ಜೀವನೋಪಾಯವನ್ನೂ ಒದಗಿಸುತ್ತಿದೆಯೆಂದು ಅವರು ಗ್ರಂಥದ ಆರಂಭದ ಸಾರಸಂಗ್ರಹದಲ್ಲಿಯೇ ಬರೆದಿದ್ದಾರೆ. ಹದಿನೆಂಟರ ವಾಕ್ಯಕ್ಕೆ ದೊರೆತ ಪ್ರಚಾರವು ಈ ವಾಕ್ಯಕ್ಕೆ ದೊರೆಯಲಿಲ್ಲ.