ಬ್ರೇಕು ಬಿಡಿಸುವ ಚಿಕಿತ್ಸೆ: ಹೋಲಿಕೆಯೂ ಅಂಕಿಗಳೂ

ಇಮ್ಯುನೋಥೆರಪಿಯನ್ನು ವಿವರಿಸುವ ಜನಪ್ರಿಯ ಬರಹಗಳಲ್ಲಿ ಒಂದು ಹೋಲಿಕೆ ಮತ್ತೆ ಮತ್ತೆ ಬರುತ್ತದೆ: ಕ್ಯಾನ್ಸರ್ ಕೋಶವು ಟಿ-ಕೋಶದ ಬ್ರೇಕನ್ನು ಒತ್ತಿ ಹಿಡಿಯುತ್ತದೆ, ಔಷಧವು ಅದನ್ನು ಬಿಡಿಸುತ್ತದೆ. ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರ ನೊಬೆಲ್ ತಂದ ಸಂಶೋಧನೆಯ ತಿರುಳೂ ಇದೇ. ಹೋಲಿಕೆ ತಪ್ಪಲ್ಲ, ಅಪೂರ್ಣ. ಅದೇ ಬ್ರೇಕು ದೇಹದಲ್ಲಿ ಬೇರೆ ಏನನ್ನು ಕಾಯುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ.

ಈ ಕೊರತೆ ಯಕೃತ್ತಿನ ಕಸಿ ಮಾಡಿಸಿಕೊಂಡವರ ವಿಷಯದಲ್ಲಿ ಎದ್ದು ಕಾಣುತ್ತದೆ. ಕ್ಯಾನ್ಸರ್ ಬಂದ ಯಕೃತ್ತನ್ನು ತೆಗೆದು ಬೇರೊಂದನ್ನು ಕಸಿ ಮಾಡಿದ ಮೇಲೂ ಕೆಲವರಲ್ಲಿ ರೋಗ ಮರುಕಳಿಸುತ್ತದೆ. ಹೊಸ ಅಂಗ ಉಳಿಯಲೆಂದು ಇವರು ಟ್ಯಾಕ್ರೊಲಿಮಸ್‌ನಂಥ ಔಷಧದಿಂದ ಟಿ-ಕೋಶಗಳನ್ನು ದಿನವೂ ಹತ್ತಿಕ್ಕುತ್ತಿರುತ್ತಾರೆ. ಪಿಡಿ-1 ಎಂಬ ಬ್ರೇಕು ಗಡ್ಡೆಯನ್ನಷ್ಟೇ ಅಲ್ಲ, ಕಸಿಯಾದ ಅಂಗವನ್ನೂ ಕಾಯುತ್ತದೆ. ಔಷಧವು ರಕ್ತದೊಡನೆ ಎಲ್ಲೆಡೆ ಸಂಚರಿಸುವುದರಿಂದ ಎರಡೂ ಕಡೆ ಬ್ರೇಕು ಸಡಿಲವಾಗುತ್ತದೆ. ಕಸಿಯಾದ ಮೂತ್ರಪಿಂಡ ಕೈಕೊಟ್ಟರೆ ಡಯಾಲಿಸಿಸ್ ಇದೆ. ಯಕೃತ್ತಿನ ಕೆಲಸವನ್ನು ವರ್ಷಗಟ್ಟಲೆ ನಡೆಸಬಲ್ಲ ಯಂತ್ರ ಇಲ್ಲ.

ನನ್ನ ಮುಖ್ಯ ಆಕ್ಷೇಪ ಅಂಕಿಗಳ ಬಗ್ಗೆ. ಅಟೆಜೊಲಿಜುಮಾಬ್–ಬೆವಸಿಜುಮಾಬ್ ಜೋಡಿಯನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 501 ರೋಗಿಗಳಿದ್ದರು. ಒಂದು ವರ್ಷದ ನಂತರ ಬದುಕಿದ್ದವರು ಶೇ. 67.2, ಹಳೆಯ ಸೊರಾಫೆನಿಬ್ ಪಡೆದವರಲ್ಲಿ ಶೇ. 54.6. ಒಳ್ಳೆಯ ಪ್ರಯೋಗವೇ. ಆದರೆ ಅಂಗ ಕಸಿಯಾದವರನ್ನು ಅದರಿಂದ ಹೊರಗಿಟ್ಟಿದ್ದರು. ಹೀಗಾಗಿ ಇವರ ಬಗ್ಗೆ ನಮಗಿರುವ ತಿಳಿವು ಬಹುಪಾಲು ಬಿಡಿ ರೋಗಿಗಳ ವರದಿಗಳಿಂದ, ಸಣ್ಣ ಗುಂಪುಗಳಿಂದ ಬಂದದ್ದು. ‘ಸುಮಾರು ಮೂವರಲ್ಲಿ ಒಬ್ಬರ ದೇಹ ಅಂಗವನ್ನು ತಿರಸ್ಕರಿಸುತ್ತದೆ’ ಎಂಬ ಮಾತು ಇವುಗಳನ್ನೇ ಕೂಡಿಸಿ ಪಡೆದದ್ದು.

ಉದಾಹರಣೆಗೆ, 30 ಜನರಲ್ಲಿ 10 ಜನರ ಅಂಗ ತಿರಸ್ಕೃತವಾಯಿತು ಎನ್ನೋಣ. ಶೇ. 95ರ ವಿಶ್ವಾಸ ಮಟ್ಟದಲ್ಲಿ ನಿಜವಾದ ಪ್ರಮಾಣ ಸುಮಾರು ಶೇ. 17ರಿಂದ 50ರವರೆಗೆ ಎಲ್ಲಿಯೂ ಇರಬಹುದು. ಅದೂ ಆ 30 ಜನರನ್ನು ಯಾದೃಚ್ಛಿಕವಾಗಿ ಆಯ್ದಿದ್ದರೆ ಮಾತ್ರ! ವರದಿಯಾಗುವುದು ವೈದ್ಯರಿಗೆ ಬರೆಯಬೇಕೆನಿಸಿದ ಪ್ರಕರಣ. ಕಸಿಯಾಗಿ ಒಂದು ವರ್ಷವಾದವರು, ಹತ್ತು ವರ್ಷವಾದವರು ಎಲ್ಲರೂ ಒಂದೇ ಸರಾಸರಿಯಲ್ಲಿ ಸೇರಿಹೋಗುತ್ತಾರೆ.

ಇನ್ನೂ ದೊಡ್ಡ ದೋಷವೆಂದರೆ, ಗಡ್ಡೆ ಕುಗ್ಗಿದವರ ಪ್ರಮಾಣ ಒಂದು ಕಡೆ, ಅಂಗ ಕಳೆದುಕೊಂಡವರ ಪ್ರಮಾಣ ಇನ್ನೊಂದು ಕಡೆ ಕೊಟ್ಟು ಸುಮ್ಮನಾಗುವುದು. ಮೇಲಿನ 30 ಜನರಲ್ಲಿ 10 ಜನರ ಗಡ್ಡೆ ಕುಗ್ಗಿದೆ ಎಂದುಕೊಳ್ಳಿ. ಗಡ್ಡೆಯೂ ಕುಗ್ಗಿ ಅಂಗವೂ ಉಳಿದವರು ಎಷ್ಟು? ಹತ್ತು ಇರಬಹುದು, ಸೊನ್ನೆಯೂ ಇರಬಹುದು. ಎರಡು ಸಂಭವನೀಯತೆಗಳನ್ನು ಗುಣಿಸಿ ಉತ್ತರ ಪಡೆಯುವಂತಿಲ್ಲ. ಎರಡನ್ನೂ ಮಾಡುವುದು ಎಚ್ಚೆತ್ತ ಟಿ-ಕೋಶಗಳೇ ಆದ್ದರಿಂದ ಅವು ಪರಸ್ಪರ ಸ್ವತಂತ್ರವಲ್ಲ. ಬೇರೆ ಔಷಧಗಳೆಲ್ಲ ಸೋತ ರೋಗಿಗೆ ಬೇಕಾದದ್ದು ಈ ಮೂರನೆಯ ಸಂಖ್ಯೆ.