ಕಲ್ಲಿನ ಪಾಠ, ಜನರ ಪಾಠ: ಹಂಪೆಯ ಕಟ್ಟಡಗಳ ಚರಿತ್ರೆಯ ಪರಾಮರ್ಶೆ

ಹಳೆಯ ಕಟ್ಟಡದ ಚರಿತ್ರೆಯನ್ನು ಅರಸುವುದೂ ಹಳೆಯ ಗ್ರಂಥವನ್ನು ಸಂಪಾದಿಸುವುದೂ ಮೂಲತಃ ಒಂದೇ ಬಗೆಯ ಕಾರ್ಯಗಳು. ಓಲೆಗರಿಯ ಕಟ್ಟೊಂದು ಕೈಗೆ ಬಂದಾಗ ಅದರ ಮೇಲೆ ಯಾರದೋ ಹೆಸರಿದೆಯೆಂಬ ಒಂದೇ ಕಾರಣದಿಂದ ಸಂಪಾದಕನು ಅದನ್ನು ಆ ಹೆಸರಿನವನ ಕೃತಿಯೆಂದು ಒಪ್ಪುವುದಿಲ್ಲ. ಅಂಕಿತವನ್ನು ನೋಡುತ್ತಾನೆ, ಪ್ರತಿಗಳನ್ನು ಹೋಲಿಸುತ್ತಾನೆ, ಲಿಪಿಕಾರನ ತಪ್ಪು ಯಾವುದು, ಹಿಂದಿನಿಂದ ಸೇರಿದ ಪ್ರಕ್ಷಿಪ್ತ ಯಾವುದು ಎಂದು ಬೇರ್ಪಡಿಸುತ್ತಾನೆ. ಫ. ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದಂದಿನಿಂದ ವಚನಾಭ್ಯಾಸಿಗಳಿಗೆ ಈ ಶಿಸ್ತು ಪರಿಚಿತವಾಗಿದೆ. ಆದರೆ ಗುಡಿ, ಮಠ, ಮನೆ, ಮಂಟಪಗಳ ವಿಷಯಕ್ಕೆ ಬಂದಾಗ ಇದೇ ಓದುಗರು ಆ ಶಿಸ್ತನ್ನು ಮರೆತು, ದಾರಿ ತೋರಿಸುವವನು ಹೇಳಿದ ಕಥೆಯನ್ನೇ ಚರಿತ್ರೆಯೆಂದು ಮನೆಗೆ ಒಯ್ಯುತ್ತಾರೆ. ಕಟ್ಟಡಕ್ಕೂ ಪಾಠಾಂತರಗಳುಂಟು, ಪ್ರಕ್ಷಿಪ್ತಗಳುಂಟು ಎಂಬುದಕ್ಕೆ ಹಂಪೆಯಷ್ಟು ಸ್ಪಷ್ಟವಾದ ನಿದರ್ಶನ ಕನ್ನಡನಾಡಿನಲ್ಲಿ ವಿರಳ.

1565ರ ಯುದ್ಧದ ತರುವಾಯ ವಿಜಯನಗರವು ರಾಜಧಾನಿಯಾಗಿ ಉಳಿಯಲಿಲ್ಲ. ಕಟ್ಟಿಸಿದವರ ಸಂತತಿ ಚದುರಿತು; ಕಟ್ಟಡಗಳ ನಿಜವಾದ ಹೆಸರುಗಳನ್ನು ಬಲ್ಲವರು ಇಲ್ಲವಾದರು. ಹಾಳು ಬಿದ್ದ ಗೋಡೆಗಳ ನಡುವೆ ದನ ಕಾಯುವವರೂ ಗದ್ದೆ ಮಾಡುವವರೂ ತಮಗೆ ತೋರಿದ ಹೆಸರುಗಳನ್ನಿಟ್ಟರು. ಕಾಲಿನ್ ಮೆಕೆಂಜಿ 1799ರಲ್ಲಿ ಬಂದು ನಕ್ಷೆ ಮಾಡಿಸಿದನು. ರಾಬರ್ಟ್ ಸಿವೆಲ್ಲನ ಗ್ರಂಥ 1900ರಲ್ಲಿ ಹೊರಬಿದ್ದಿತು. ಲಾಂಗ್‌ಹರ್ಸ್ಟನ ಕೈಪಿಡಿ 1917ರಲ್ಲಿ ಪ್ರಕಟವಾಯಿತು. ಮುದ್ರಣಕ್ಕೆ ಏರಿದ ಹೆಸರಿಗೆ ಶಾಸ್ತ್ರದ ಗೌರವ ಬರುತ್ತದೆ. ಹೀಗೆ ಬಾಯಿಮಾತಿನ ಹೆಸರುಗಳು ಪುಸ್ತಕದ ಹೆಸರುಗಳಾದವು.

ಮೊದಲಿಗೆ ‘ಗಾಣಗಿತ್ತಿ ಗುಡಿ’ಯನ್ನು ನೋಡಬಹುದು. ಹೆಸರನ್ನು ಕೇಳಿದವರು ಎಣ್ಣೆಯ ಗಾಣದ ಹೆಂಗಸೊಬ್ಬಳು ತನ್ನ ಗಳಿಕೆಯಿಂದ ಕಟ್ಟಿಸಿದ ಗುಡಿಯಿದೆಂದು ಭಾವಿಸುವುದು ಸಹಜ. ಆದರೆ ಗುಡಿಯ ಮುಂದಿನ ಕಂಬದ ಮೇಲಿರುವ 1385ರ ಸಂಸ್ಕೃತ ಶಾಸನವು ಬೇರೆಯೇ ಮಾತನ್ನು ಹೇಳುತ್ತದೆ. ಇದು ಕುಂಥು ಜಿನನಾಥನ ಚೈತ್ಯಾಲಯ. ಕಟ್ಟಿಸಿದವನು ಎರಡನೆಯ ಹರಿಹರನ ದಂಡನಾಯಕನಾದ ಇರುಗಪ್ಪ. ಆತನು ‘ನಾನಾರ್ಥರತ್ನಮಾಲಾ’ ಎಂಬ ನಿಘಂಟನ್ನು ರಚಿಸಿದ ವಿದ್ವಾಂಸನೂ ಹೌದು. ಜನರ ಪಾಠದಲ್ಲಿ ಆ ದಂಡನಾಯಕನೂ ಇಲ್ಲ, ಆ ತೀರ್ಥಂಕರನೂ ಇಲ್ಲ.

ಇದಕ್ಕೆ ವಿಲೋಮವಾದ ತಪ್ಪು ಹೇಮಕೂಟದ ಮೇಲೆ ನಡೆಯಿತು. ಅಲ್ಲಿಯ ಗುಡಿಗಳ ಶಿಖರಗಳು ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲ್ಲಿನ ಶಿಖರಗಳು. ಈ ರೂಪವನ್ನು ಕಂಡ ಮಾತ್ರಕ್ಕೆ ಅವು ಬಹುಕಾಲ ‘ಜೈನ ಗುಡಿಗಳು’ ಎಂದೇ ಕರೆಯಲ್ಪಟ್ಟವು. ಅವುಗಳಲ್ಲೊಂದಾದ ತ್ರಿಕೂಟದ ಶಾಸನವನ್ನು ಓದಿದರೆ, ಮುಮ್ಮಡಿ ಸಿಂಗನ ಮಗನಾದ ವೀರ ಕಂಪಿಲದೇವನು ಅದನ್ನು ಕಟ್ಟಿಸಿ ಮೂರು ಶಿವಲಿಂಗಗಳನ್ನು ಪ್ರತಿಷ್ಠಿಸಿದನೆಂದು ತಿಳಿಯುತ್ತದೆ. ಎಂದರೆ ಅದು ವಿಜಯನಗರದ ಸ್ಥಾಪನೆಗಿಂತಲೂ ಹಿಂದಿನ ಶಿವಾಲಯ. ಒಂದೇ ಊರಿನಲ್ಲಿ ಜೈನರ ಗುಡಿಗೆ ಜೈನರ ಹೆಸರು ತಪ್ಪಿತು, ಶೈವರ ಗುಡಿಗೆ ಜೈನರ ಹೆಸರು ಅಂಟಿತು. ಶಿಲ್ಪದ ಒಂದು ಲಕ್ಷಣವನ್ನು ಹಿಡಿದು ಮತವನ್ನು ನಿರ್ಣಯಿಸುವುದು, ಒಂದು ಪದಪ್ರಯೋಗವನ್ನು ಹಿಡಿದು ಇಡೀ ಕೃತಿಯ ಕರ್ತೃವನ್ನು ನಿರ್ಣಯಿಸಿದಷ್ಟೇ ದುಡುಕು. ಶಿಖರದ ಮಾದರಿ ಶಿಲ್ಪಿಯ ಸಂಪ್ರದಾಯಕ್ಕೆ ಸೇರಿದ್ದು. ಆ ಶಿಲ್ಪಿಯು ಯಾರು ಕರೆದರೆ ಅವರಿಗೆ ಕಟ್ಟಿಕೊಡುತ್ತಿದ್ದನು.

ಶ್ರದ್ಧಾಳುಗಳ ಸತ್ಯನಿಷ್ಠೆಗೆ ಹೆಚ್ಚಿನ ಪರೀಕ್ಷೆಯಾಗುವುದು ಮೂರನೆಯ ನಿದರ್ಶನದಲ್ಲಿ. ನಗರದ ಮುಸಲ್ಮಾನ ವಸತಿಯಿದ್ದ ಭಾಗದಲ್ಲಿ ಕಂಬಗಳ ಸಾಲಿನ ಮಂಟಪವೊಂದಿದೆ. ಗುಮ್ಮಟವಿಲ್ಲ, ಕಮಾನುಗಳ ಮುಖಭಾಗವಿಲ್ಲ. ಕಂಬಗಳು ಗುಡಿಯ ಮಂಟಪದ ಕಂಬಗಳಂತೆಯೇ ಇವೆ. ದೂರದಿಂದ ಕಂಡವರು ದೇವಾಲಯದ ಅಂಗವೆಂದೇ ಹೇಳಿಯಾರು. ಆದರೆ ಪಶ್ಚಿಮದ ಗೋಡೆಯಲ್ಲಿ ಪ್ರಾರ್ಥನೆಯ ದಿಕ್ಕನ್ನು ಸೂಚಿಸುವ ಗೂಡಿದೆ. 1439ರ ಕನ್ನಡ ಶಾಸನದಂತೆ ಇದನ್ನು ಕಟ್ಟಿಸಿದವನು ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ. ಕಟ್ಟಿಸಿದ್ದು ತನ್ನ ಒಡೆಯನಾದ ರಾಯನಿಗೆ ಪುಣ್ಯವಾಗಲೆಂದು. ಶಾಸನವು ಈ ಕಟ್ಟಡಕ್ಕೆ ಕೊಟ್ಟ ಹೆಸರು ‘ಧರ್ಮಸಾಲೆ’. ಈ ದೇವರಾಯನೇ ವೀರಶೈವ ಸಾಹಿತ್ಯದ ಓದುಗರಿಗೆ ಪ್ರೌಢದೇವರಾಯನೆಂದು ಚಿರಪರಿಚಿತನು. ‘ಶಿವತತ್ತ್ವಚಿಂತಾಮಣಿ’ಯ ಲಕ್ಕಣ್ಣ ದಂಡೇಶನು ಈತನ ದಂಡನಾಯಕ, ನೂರೊಂದು ವಿರಕ್ತರ ಸ್ಮರಣೆ ಈತನ ಕಾಲದೊಂದಿಗೇ ಬೆಸೆದುಕೊಂಡಿದೆ. ಆ ಕಾಲದ ಹಂಪೆಯನ್ನು ಕಾವ್ಯಪುರಾಣಗಳಿಂದ ಮಾತ್ರ ಕಟ್ಟಿಕೊಂಡ ಕಲ್ಪನೆಯಲ್ಲಿ ಅಹಮದ್ ಖಾನನ ಧರ್ಮಸಾಲೆಗೆ ಸ್ಥಳವಿರಲಾರದು. ಕಲ್ಲು ಮಾತ್ರ ಅದಕ್ಕೆ ಸ್ಥಳ ಕೊಟ್ಟಿದೆ. ಒಂದೇ ಅರಸನ ಆಳಿಕೆಯಲ್ಲಿ ಶರಣರ ಚರಿತ್ರೆಗಳು ಬರೆಯಲ್ಪಟ್ಟವು, ಮುಸಲ್ಮಾನ ಅಧಿಕಾರಿಯು ರಾಯನ ಪುಣ್ಯಕ್ಕಾಗಿ ಪ್ರಾರ್ಥನಾಮಂದಿರವನ್ನು ಕಟ್ಟಿಸಿದನು. ಇವೆರಡನ್ನೂ ಒಟ್ಟಿಗೆ ಹಿಡಿಯದ ಚರಿತ್ರೆ ಆ ಅರಸನದಲ್ಲ.

ಅರಿಕೆಯ ಕೊರತೆಯಿಂದ ದೇವರ ಸ್ವರೂಪವೇ ಬದಲಾಗಬಹುದೆಂಬುದಕ್ಕೆ ಕೃಷ್ಣ ದೇವಾಲಯದ ಸಮೀಪದ ನರಸಿಂಹ ಮೂರ್ತಿ ಸಾಕ್ಷಿ. ಒಂದೇ ಬಂಡೆಯಲ್ಲಿ ಕಡೆದ, ಇಪ್ಪತ್ತೆರಡು ಅಡಿ ಎತ್ತರದ ಈ ಮೂರ್ತಿಯನ್ನು ‘ಉಗ್ರನರಸಿಂಹ’ ಎನ್ನುವುದು ರೂಢಿ. ಹೊರಚಾಚಿದ ಕಣ್ಣುಗಳನ್ನೂ ಅಗಲವಾದ ಬಾಯನ್ನೂ ಕಂಡವರಿಗೆ ಆ ಹೆಸರು ಒಪ್ಪುತ್ತದೆ. ಆದರೆ ಇದು ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಪ್ರತಿಷ್ಠಿತವಾದ ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ದೇವಿಯ ವಿಗ್ರಹ ಒಡೆದುಹೋಗಿದೆ. ಸ್ವಾಮಿಯ ಬೆನ್ನನ್ನು ಬಳಸಿದ ಆಕೆಯ ಕೈ ಮಾತ್ರ ಇಂದಿಗೂ ಉಳಿದಿದೆ. ಆ ಒಂದು ಕೈಯನ್ನು ಹಿಂಬದಿಗೆ ಹೋಗಿ ನೋಡದವರಿಗೆ ಮೂರ್ತಿ ಉಗ್ರ, ನೋಡಿದವರಿಗೆ ಶಾಂತ. ಎದುರಿನಿಂದ ಮಾತ್ರ ನೋಡಿ ನಿರ್ಣಯಿಸಬಾರದೆಂಬ ನಿಯಮಕ್ಕೆ ಇದಕ್ಕಿಂತ ಬೇರೆ ಭಾಷ್ಯ ಬೇಡ.

ಹಾಗಾದರೆ ಶಾಸನವೊಂದಿದ್ದರೆ ಸಾಕೇ ಎಂಬ ಪ್ರಶ್ನೆ ಏಳುತ್ತದೆ. ಸಾಲದು. ಶಾಸನವು ಏನನ್ನು ಹೇಳುತ್ತದೆ, ಎಷ್ಟನ್ನು ಮಾತ್ರ ಹೇಳುತ್ತದೆ ಎಂಬ ವಿವೇಚನೆ ಬೇಕು. ವಿರೂಪಾಕ್ಷ ದೇವಾಲಯದಲ್ಲಿರುವ 1510ರ ಶಾಸನವು ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ನಿಮಿತ್ತ ರಂಗಮಂಟಪವನ್ನೂ ಅದರ ಮುಂದಿನ ಗೋಪುರವನ್ನೂ ಕಟ್ಟಿಸಿದುದನ್ನು, ಮೊದಲೇ ಇದ್ದ ಹಿರಿಯ ಗೋಪುರವನ್ನು ಜೀರ್ಣೋದ್ಧಾರ ಮಾಡಿಸಿದುದನ್ನು ಬೇರೆ ಬೇರೆಯಾಗಿ ತಿಳಿಸುತ್ತದೆ. ಶಾಸನಕಾರನೇ ಇಷ್ಟು ಎಚ್ಚರದಿಂದ ವಿಂಗಡಿಸಿದ್ದನ್ನು ಇಂದಿನವರು ‘ವಿರೂಪಾಕ್ಷನ ಗುಡಿಯನ್ನು ಕೃಷ್ಣದೇವರಾಯ ಕಟ್ಟಿಸಿದ’ ಎಂಬ ಒಂದೇ ಮಾತಿನಲ್ಲಿ ಕಲಸುತ್ತಾರೆ. ಅದೇ ರಂಗಮಂಟಪದ ಮಾಡಿನ ವರ್ಣಚಿತ್ರಗಳಿಗೂ ಮಂಟಪದ ಕಾಲವನ್ನೇ ಆರೋಪಿಸುವುದು ಮತ್ತೊಂದು ದುಡುಕು. ಬಣ್ಣವನ್ನು ಯಾವ ಶತಮಾನದಲ್ಲಾದರೂ ಬಳಿಯಬಹುದು. ವಿಠ್ಠಲ ದೇವಾಲಯದಲ್ಲಿಯೂ ಹೀಗೆಯೇ: 1513ರಲ್ಲಿ ರಾಣಿಯರಿಂದ ಗೋಪುರಗಳು, 1516ರಲ್ಲಿ ರಾಯನಿಂದ ನೂರು ಕಂಬದ ಮಂಟಪ ಎಂಬ ಲೆಕ್ಕ ಸಿಕ್ಕುತ್ತದೆ. ಇವು ಇದ್ದ ಗುಡಿಗೆ ಕೂಡಿಸಿದ ಭಾಗಗಳು, ಮೂಲದ ಜನ್ಮಪತ್ರಿಕೆಗಳಲ್ಲ.

ಸೇರಿದ್ದನ್ನು ಗುರುತಿಸಿದಂತೆಯೇ ಕಳೆದುಹೋದುದನ್ನೂ ಗುರುತಿಸಬೇಕು. ಅದೇ ವಿಠ್ಠಲನ ಅಂಗಳದ ಕಲ್ಲಿನ ರಥ 2017ರಿಂದ ಐವತ್ತು ರೂಪಾಯಿಯ ನೋಟಿನ ಮೇಲೆ ಮುದ್ರಿತವಾಗಿ ದೇಶದ ಮನೆಮನೆಗೂ ತಲುಪಿದೆ. ಅದರ ಮೋಟಾದ ಮೇಲ್ಭಾಗವನ್ನೇ ಅದರ ಪೂರ್ಣರೂಪವೆಂದು ನೋಡುಗರು ತಿಳಿಯುತ್ತಾರೆ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಈ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಆ ಚಿತ್ರ ಉಳಿಯದೆ ಹೋಗಿದ್ದರೆ, ಶಿಖರವಿಲ್ಲದ ರಥಕ್ಕೆ ಸೌಂದರ್ಯಶಾಸ್ತ್ರದ ಸಮರ್ಥನೆಯೇ ಹುಟ್ಟಿಕೊಳ್ಳುತ್ತಿತ್ತು.

ಶಾಸನವೂ ಇಲ್ಲದ, ಹಳೆಯ ಚಿತ್ರವೂ ಇಲ್ಲದ ಕಡೆ ಸಂಶೋಧಕನ ಕರ್ತವ್ಯ ಸಂಯಮ. ‘ರಾಣಿಯರ ಸ್ನಾನಗೃಹ’, ‘ಕಮಲ ಮಹಲು’ ಎಂಬ ಹೆಸರುಗಳನ್ನು ಅವುಗಳ ಮೇಲಿನ ಯಾವ ಬರಹವೂ ಸಮರ್ಥಿಸುವುದಿಲ್ಲ. ಅಲ್ಲಿ ನೀರಿನ ಕೊಳವಿದೆ, ಸುತ್ತ ಕಮಾನಿನ ಕೈಸಾಲೆಯಿದೆ ಎಂಬುದು ಕಟ್ಟಡದ ಸಾಕ್ಷ್ಯ. ಮಿಂದವರು ರಾಣಿಯರೆಂಬುದು ಕೇಳುಗರ ಆಸೆ. ಅರಮನೆಗಳಾದರೋ ಅಡಿಗಟ್ಟಿನ ಮಟ್ಟಕ್ಕೆ ಉಳಿದಿವೆ. ಮೇಲಿದ್ದ ಮರ, ಇಟ್ಟಿಗೆ, ಗಾರೆಗಳು ಬೆಂಕಿಗೂ ಮಳೆಗೂ ಸಂದವು. ಪೋರ್ಚುಗೀಸ್ ಪ್ರವಾಸಿ ಪಾಯಸನ ವರ್ಣನೆಯನ್ನು ಆ ಅಡಿಗಟ್ಟುಗಳ ಮೇಲೆ ಇಟ್ಟು ನೋಡಬಹುದು. ಒಂದಕ್ಕೊಂದು ಹೊಂದದ ಕಡೆ ಹೊಂದಿತೆಂದು ಹೇಳಬಾರದು.

ಇಷ್ಟರಿಂದ ಜನರ ಪಾಠವನ್ನು ಕಸದಂತೆ ಎಸೆಯಬೇಕೆಂದು ತಿಳಿಯಲಾಗದು. ಗಾಣಗಿತ್ತಿಯ ಹೆಸರು ಇರುಗಪ್ಪನ ವಿಷಯದಲ್ಲಿ ಸುಳ್ಳಾದರೂ ತನ್ನ ಮಟ್ಟಿಗೆ ಒಂದು ಸಾಕ್ಷ್ಯ: ರಾಜಧಾನಿ ಅಳಿದ ಮೇಲೆ ಆ ಕಟ್ಟಡವನ್ನು ನೆನಪಿನಲ್ಲಿಟ್ಟುಕೊಂಡವರು ಪಂಡಿತರಲ್ಲ, ದುಡಿಯುವ ಜನ ಎಂಬುದಕ್ಕೆ. ಒಳ್ಳೆಯ ಸಂಪಾದಕನು ತಿರಸ್ಕೃತ ಪಾಠವನ್ನೂ ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಮೂಲಪಾಠದ ಪೀಠದಲ್ಲಿ ಅದನ್ನು ಕೂರಿಸದಿರುವುದಷ್ಟೇ ಆತನ ನಿಯಮ.

ಈ ನಿಯಮವು ಹಂಪೆಗೆ ಮಾತ್ರ ಮೀಸಲಲ್ಲ. ಊರಿನ ಹಳೆಯ ವಾಡೆ, ತೊಟ್ಟಿಮನೆ, ಮಠಗಳ ಚರಿತ್ರೆಯನ್ನು ತಿಳಿಯಬಯಸುವವರಿಗೂ ಇದೇ ದಾರಿ. ಖರೀದಿಪತ್ರ, ವಿಭಾಗಪತ್ರಗಳನ್ನು ಮೊದಲು ಓದಬೇಕು. ಗೋಡೆಯ ದಪ್ಪ ಎಲ್ಲಿ ಬದಲಾಗುತ್ತದೆ, ಮಣ್ಣಿನ ಗೋಡೆಗೆ ಗಾರೆಯ ಗೋಡೆ ಎಲ್ಲಿ ಕೂಡಿದೆ ಎಂದು ಅಳೆಯಬೇಕು. ಹಿರಿಯರ ಮಾತನ್ನು ಹೇಳಿದವರ ಹೆಸರಿನೊಡನೆ ಬರೆದುಕೊಳ್ಳಬೇಕು. ಕೆತ್ತನೆಯ ಬಾಗಿಲುವಾಡವೊಂದು ಹಳೆಯದಾದ ಮಾತ್ರಕ್ಕೆ ಮನೆ ಅಷ್ಟು ಹಳೆಯದಾಗದು. ಬಿದ್ದ ಮನೆಯ ಬಾಗಿಲುವಾಡವನ್ನು ಹೊಸ ಮನೆಗೆ ಕೂಡಿಸುವುದು ನಾಡಿನ ವಾಡಿಕೆ.

ವಿಷಾದದ ಸಂಗತಿಯೆಂದರೆ, ಈ ಸಾಕ್ಷ್ಯಗಳನ್ನು ಅಳಿಸುತ್ತಿರುವವರು ಹೆಚ್ಚಾಗಿ ಶತ್ರುಗಳಲ್ಲ, ಭಕ್ತರು. ಜೀರ್ಣೋದ್ಧಾರವೆಂಬ ಪವಿತ್ರವಾದ ಹೆಸರಿನಲ್ಲಿ ಶಾಸನದ ಮೇಲೆ ಎಣ್ಣೆಬಣ್ಣ ಬಳಿಯಲಾಗುತ್ತದೆ. ಗಾರೆಯ ಗೋಡೆಗೆ ಸಿಮೆಂಟು ಮೆತ್ತಲಾಗುತ್ತದೆ. ಅಕ್ಷರವಿದ್ದ ಚಪ್ಪಡಿ ಮೆಟ್ಟಿಲಾಗುತ್ತದೆ. ಓಲೆಗರಿಯನ್ನು ಒಲೆಗೆ ಹಾಕಿದವರನ್ನು ದೂರುವ ವಿದ್ಯಾವಂತರು ತಮ್ಮ ಊರಿನ ಗುಡಿಯಲ್ಲಿ ಇದು ನಡೆಯುವಾಗ ದೇಣಿಗೆಯ ಪಟ್ಟಿಗೆ ಹೆಸರು ಬರೆಯಿಸುತ್ತಾರೆ. ಕೃಷ್ಣದೇವರಾಯನು ಕಟ್ಟಿಸಿದ್ದನ್ನು ಕಟ್ಟಿಸಿದ್ದೆಂದೂ ಜೀರ್ಣೋದ್ಧಾರ ಮಾಡಿಸಿದ್ದನ್ನು ಜೀರ್ಣೋದ್ಧಾರವೆಂದೂ ಬೇರೆಬೇರೆಯಾಗಿ ಕಲ್ಲಿನಲ್ಲಿ ಬರೆಯಿಸಿದನು. ಗಾರೆಯ ಕೆಲಸಕ್ಕೆ ಆಳು ಬರುವ ಮುನ್ನ ಗೋಡೆಯ ಅಕ್ಷರಗಳನ್ನು ಒಬ್ಬರು ಬರೆದುಕೊಂಡು, ಒಂದು ಛಾಯಾಚಿತ್ರ ತೆಗೆಯಿಸಿ, ಯಾವ ಭಾಗ ಯಾವ ವರ್ಷ ಹೊಸದಾಯಿತೆಂದು ಮಠದ ದಫ್ತರದಲ್ಲಿ ನಮೂದಿಸಿದರೆ, ಮುಂದಿನವರಿಗೆ ಅಷ್ಟು ಸಾಕು.